ಹಗೇವಿನ ನೀರು

ಡಬ್ಬದಲ್ಲಿ ರಾಗಿ ಮುಗಿದ ದಿನ ಮರುಳಸಿದ್ದಮ್ಮ ತಾನೇ ಹಗೇವಿಗೆ ಇಳಿಯಲು ಹೊರಟಳು. ಗಂಡ ಶಿವಕುಮಾರಪ್ಪ ಸತ್ತು ನಲವತ್ತು ದಿನವಾಗಿತ್ತು. ಅವನಿದ್ದಾಗ ಹದಿನೈದು ದಿನಕ್ಕೊಮ್ಮೆ ಒಂದು ಪುಟ್ಟಿ ರಾಗಿ ತಂದು ಅಡುಗೆಮನೆಯಲ್ಲಿ ಇಡುತ್ತಿದ್ದ. "ಮೆಟ್ಲು ಕಡಿದಾಗವೆ, ನಿನ್ ಮಂಡಿ ತಡಿಯಲ್ಲ, ನೀನ್ ಇಳೀಬ್ಯಾಡ" ಅನ್ನುತ್ತಿದ್ದ. ಅವಳೂ ಇಳಿಯಲಿಲ್ಲ. ಮೂರು ವರ್ಷ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಇವರದು ಹಳೇ ಕಾಲದ ಗುಂಡಿಯಲ್ಲ. ಹಿರಿಯೂರಿನ ಅಂಚಿನಲ್ಲಿ ಮನೆ ಕಟ್ಟುವಾಗ ಹಿಂದಿನ ಕೋಣೆಯ ಕೆಳಗೆ ಮಾಡಿಸಿದ್ದು. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಇಳಿಯಲು ಹದಿನಾಲ್ಕು ಕಲ್ಲು ಮೆಟ್ಟಿಲು, ಮೇಲೆ ಹಲಗೆಯ ಮುಚ್ಚಳ. ಹೆಸರಿಗೆ ಹಗೇವು, ಆಕಾರದಲ್ಲಿ ನೆಲಮನೆ.

ಅವಳು ಹಲಗೆ ಎತ್ತಿದಳು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಮೊದಲು ದೀಪ ಇಳಿಸಿ ನೋಡಬೇಕು, ದೀಪ ಆರಿದರೆ ಮನುಷ್ಯ ಇಳಿಯಬಾರದು. ಇದು ಅವಳ ಅವ್ವ ಹೇಳಿಕೊಟ್ಟದ್ದು. ಲಾಟೀನು ಹಚ್ಚಿ ಹಗ್ಗ ಕಟ್ಟಿ ಇಳಿಬಿಟ್ಟಳು. ಒಂದು ಮಾರು ಇಳಿದಿರಲಿಲ್ಲ, ಚುಂಯ್ ಎಂದಿತು. ದೀಪ ಆರಿತು. ಗಾಳಿಗೆ ಆರುವ ದೀಪ ಸದ್ದು ಮಾಡುವುದಿಲ್ಲ.

ಮೊಬೈಲಿನ ಬೆಳಕು ಬಿಟ್ಟು ಬಗ್ಗಿದಳು. ಕೆಳಗೆ ಅವಳದೇ ಮುಖ ಕಂಡಿತು. ಆರು ಮೆಟ್ಟಿಲು ಒಣಗಿದ್ದವು. ಉಳಿದ ಎಂಟು ನೀರಿನೊಳಗೆ. ಚೀಲವಿಲ್ಲ, ಪುಟ್ಟಿಯಿಲ್ಲ. ಬರೀ ನೀರು. ಕೂಗೋಣವೆಂದರೆ ಯಾರನ್ನು ಕೂಗುವುದೋ ತಿಳಿಯಲಿಲ್ಲ.

ಶಿವಕುಮಾರಪ್ಪ ಶ್ರೀರಾಂಪುರದವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹಿರಿಯೂರಿನ ಮಾರ್ಕೆಟ್ ಯಾರ್ಡಿಗೆ ಹಮಾಲಿಯಾಗಿ ಬಂದ. ಶೇಂಗಾ ಚೀಲ ಹೊತ್ತ. ಆಮೇಲೆ ತಕ್ಕಡಿ ಕೈಗೆ ಬಂತು. ಮೂವತ್ತು ವರ್ಷ ಬೇರೆಯವರ ಕಾಳು ತೂಗಿದ. ಅವನು ತೂಗಿದ ಚೀಲವನ್ನು ಯಾರೂ ಮತ್ತೊಮ್ಮೆ ತೂಗಿಸುತ್ತಿರಲಿಲ್ಲ. ಮಾತು ಬಹಳ ಕಡಿಮೆ. "ನಿಮ್ ಬಾಯಿಗೂ ತಕ್ಕಡಿ ಕಟ್ಟವ್ರಾ, ತೂಗಿ ತೂಗಿ ಬಿಡ್ತೀರಲ್ಲ" ಎಂದು ಅವಳು ಹಂಗಿಸಿದರೆ ನಗುತ್ತಿದ್ದ. ಅಷ್ಟೇ. ನಾಲ್ಕು ವರ್ಷದ ಹಿಂದೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. ಇನ್ನು ಭಾರ ಎತ್ತಬಾರದು ಎಂದರು ಡಾಕ್ಟರು. ಯಾರ್ಡು ಬಿಟ್ಟು ಮನೆಯಲ್ಲಿ ಉಳಿದ. ಮರುಳಸಿದ್ದಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಂಟೂವರೆಗೆ ಬಿಟ್ಟರೆ ಮೂರೂವರೆಗೆ ಮನೆ.

ಅವನು ಸತ್ತದ್ದು ಒಂದು ಸೋಮವಾರ. ಅವಳು ಬಂದಾಗ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಪಂಚೆ ಮಂಡಿಯವರೆಗೆ ಒದ್ದೆ. ಕಾಲು ತೊಳೆದು ಬಂದು ಹಂಗೇ ನಿದ್ದೆ ಹೋಗಿದ್ದಾರೆ ಅಂದುಕೊಂಡಳು. "ಎದ್ದೇಳ್ರಿ, ಸಂಜೆ ಆಯ್ತು. ಮನೇಲಿ ಕುಂತು ತಿನ್ನೋರಿಗೆ ಏನ್ರೀ ದಣಿವು?" ಎಂದು ರೇಗಿದಳು. ಕೈಚೀಲ ಗೂಟಕ್ಕೆ ಹಾಕಿ, ನೀರು ಕುಡಿದು ಬಂದು ಭುಜ ಮುಟ್ಟಿದಾಗ ಗೊತ್ತಾಯಿತು. ಸತ್ತವನನ್ನು ಬೈದಿದ್ದಳು.

ನೀರು ಕಂಡ ಸುದ್ದಿ ಕೇಳಿ ಮಗಳು ಪಲ್ಲವಿ ಹೊಳಲ್ಕೆರೆಯಿಂದ ಒಬ್ಬನ ನಂಬರು ಕಳಿಸಿದಳು. ಅವಳು ಅಲ್ಲಿ ಟೀಚರು. ಜೊತೆಯ ಟೀಚರ ಮನೆಯ ತಾರಸಿ ಸೋರುವುದನ್ನು ನಿಲ್ಲಿಸಿದವನಂತೆ. ನಿರಂಜನ್ ಅಂತ, ಚಿತ್ರದುರ್ಗದವನು. ವಾಟರ್‌ಪ್ರೂಫಿಂಗ್ ಕೆಲಸವೇ ಅವನ ಕಸುಬು. ಬೈಕಿನಲ್ಲಿ ಬಂದ. ಬಾಗಿಲಲ್ಲಿ ನಿಂತವನು ಮನೆಯನ್ನು ಮೇಲೆ ಕೆಳಗೆ ನೋಡಿದ. ಒಳಗೆ ಬಂದು ಟೇಪು ಹಿಡಿದು ಅಳೆದ. ಕಬ್ಬಿಣದ ಸರಳು ನೀರಿಗಿಳಿಸಿ ತಳ ಕೆದಕಿದ. ಸರಳಿನ ತುದಿಗೆ ಕೆಸರು ಬಂತು.

"ಕೆಳಗೆ ಕಾಂಕ್ರೀಟ್ ಬೆಡ್ಡೇ ಇಲ್ಲಮ್ಮ. ಬರೀ ಮಣ್ಣು ಬಡ್ದವ್ರೆ. ಗೋಡೆಗೂ ಗಾರೆ ಇಲ್ಲ. ಕಾಲುವೆ ಬಗಲಲ್ಲಿ ಯಾರಮ್ಮ ಹಿಂಗ್ ಮಾಡಾಕೆ ಹೇಳಿದ್ದು?"

"ಮೇಸ್ತ್ರಿ" ಅಂದಳು.

ಸುಳ್ಳು. ಹೇಳಿದ್ದು ಅವಳೇ. ಅವಳ ತವರು ಮತ್ತೋಡು. ಅಲ್ಲಿ ಮನೆಯ ಮುಂದೆಯೇ ಹಗೇವು ಇತ್ತು. ತಳಕ್ಕೆ ಮಣ್ಣು ಬಡಿದು, ಬೂದಿ ಚೆಲ್ಲಿ, ಸುತ್ತ ಹುಲ್ಲು ಒತ್ತಿ ರಾಗಿ ತುಂಬಿದರೆ ಹತ್ತು ವರ್ಷವಾದರೂ ಹುಳ ಬೀಳುತ್ತಿರಲಿಲ್ಲ. ಹಗೇವಿಲ್ಲದ ಮನೆ ಮನೆಯಲ್ಲ ಎಂದು ಗಂಡನ ತಲೆ ತಿಂದಿದ್ದಳು. ಮೇಸ್ತ್ರಿ ತಳಕ್ಕೆ ಕಾಂಕ್ರೀಟು ಹಾಕುತ್ತೇನೆ ಅಂದಾಗ ಅಡ್ಡ ನಿಂತು, "ಸಿಮೆಂಟ್ ಮುಟ್ಟಿದ್ರೆ ಕಾಳು ಬೆವರ್ತಾವೆ, ನಮ್ಮಪ್ಪ ಮುಟ್ಟುಸ್ಲಿಲ್ಲ, ನಾವೂ ಬ್ಯಾಡ" ಅಂದಿದ್ದಳು. ಶಿವಕುಮಾರಪ್ಪ ಮೇಸ್ತ್ರಿಯ ಮುಖ ನೋಡಿ, "ಅವಳ್ ಹೇಳ್ದಂಗೇ ಮಾಡಪ್ಪ" ಅಂದಿದ್ದ.

ಮತ್ತೋಡಿನ ನೆಲ ಎತ್ತರದ್ದು, ಗಟ್ಟಿ ಗೊರಚಲು. ಇಲ್ಲಿಯದು ಕಾಲುವೆ ಪಕ್ಕದ ಕಪ್ಪು ಮಣ್ಣು. ಆದರೆ ಮನೆ ಕಟ್ಟಿದ ವರ್ಷ ಕಾಲುವೆಯಲ್ಲಿ ಆಡು ಮೇಯುತ್ತಿದ್ದವು. ಬೋರು ಏಳ್ನೂರು ಅಡಿ ಹೋದರೂ ಬರೀ ಧೂಳು. ಈ ಸೀಮೆಯಲ್ಲಿ ನೆಲದಿಂದ ನೀರು ಬರುತ್ತದೆ ಎಂದು ಹೆದರಿದವರು ಯಾರಿದ್ದರು?

ನಿರಂಜನ್ ಚೀಟಿಯಲ್ಲಿ ಬರೆದು ಕೂಡಿದ. ಹೊರಗಿಂದ ಅಗೆದು ಗೋಡೆಗೆ ಪದರ ಹಚ್ಚಬೇಕು. ಒಳಗೆ ಕಬ್ಬಿಣ ಕಟ್ಟಿ ಹೊಸ ತಳ, ಹೊಸ ಗೋಡೆ. ಸಂದಿಗೆಲ್ಲ ಯಂತ್ರದಿಂದ ಕೆಮಿಕಲ್ ಒತ್ತಬೇಕು.

"ಮೂರು ಲಕ್ಷದ ಇಪ್ಪತ್ತು ಸಾವಿರ ಆಗ್ತೈತಮ್ಮ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಇಡೀ ಮನೆಗಾ?"

"ಇಲ್ಲಮ್ಮ, ಬರೀ ಕೆಳಗಿಂದಕ್ಕೆ."

"ಏನಪ್ಪ ನೀನು! ಜನ ನೀರು ಬರ್ಲಿ ಅಂತ ಬೋರು ಕೊರ್ಸಿ ದುಡ್ಡು ಸುರೀತಾರೆ. ನೀನು ನೀರು ಬರ್ಬ್ಯಾಡ ಅನ್ನಾಕೆ ಮೂರು ಲಕ್ಷ ಕೇಳ್ತೀಯಲ್ಲ?"

ನಿರಂಜನನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. "ಬರ್ಸೋದು ಸುಲಭ ಅಮ್ಮ. ತಡಿಯೋದು ಕಷ್ಟ."

"ಮಾಡಿದ್ ಮ್ಯಾಲೆ ಬರಾದೇ ಇಲ್ವಾ?"

"ಐದು ವರ್ಷ ಹೇಳ್ತೀನಿ. ಕಾಲುವೇಲಿ ಹಿಂಗೇ ವರ್ಷಾನುಗಟ್ಟಲೆ ಹರಿದ್ರೆ ಗ್ಯಾರಂಟಿ ಕೊಡಾಕಾಗಲ್ಲ."

"ಹಂಗೇ ಬಿಟ್ರೆ?"

"ಪಡುವಲ ಗೋಡೆ ಕೂರ್ತೈತೆ. ಬುಡ ನೆನೆದೈತೆ ನೋಡಿ. ಮನೆ ಉಳೀಬೇಕಂದ್ರೆ ಒಂದೋ ಇದನ್ನ ಸರಿ ಮಾಡ್ಬೇಕು, ಇಲ್ಲಾಂದ್ರೆ ಜಲ್ಲಿ ತುಂಬಿ ಮುಚ್ಬೇಕು. ಮುಚ್ಚೋದಾದ್ರೆ ಅರವತ್ತೈದು ಸಾವಿರದಲ್ಲಿ ಆಗ್ತೈತೆ. ಈ ಮಳೆಗಾಲ ಮುಗಿಯೋದ್ರೊಳಗೆ ಏನಾದ್ರೂ ಒಂದು ಮಾಡ್ರಿ."

ಅವಳ ಹೆಸರಿನಲ್ಲಿ ನಾಲ್ಕು ಲಕ್ಷ ಡೆಪಾಸಿಟ್ ಇತ್ತು. ಗಂಡ ಇಟ್ಟು ಹೋದದ್ದು. ಅವಳ ಮುಪ್ಪಿಗೆ ಇದ್ದದ್ದು ಅದೊಂದೇ. ಆದರೂ ಅವನು ಕಟ್ಟಿಸಿದ್ದನ್ನು ಮುಚ್ಚುವ ಮಾತು ಅವಳ ಕಿವಿಗೆ ಅವನನ್ನೇ ಮತ್ತೊಮ್ಮೆ ಮಣ್ಣು ಮಾಡಿದಂತೆ ಕೇಳಿಸಿತು. "ಮುಚ್ಚಾದು ಬ್ಯಾಡ. ನಲವತ್ತು ದಿನದಾಗೆ ಇಷ್ಟು ನೀರು ಬಂದೈತೆ ಅಂದ್ರೆ ಎಲ್ಲೋ ಪೈಪ್ ಒಡೆದಿರ್ಬೇಕು, ಅದನ್ನ ನೋಡು" ಅಂದಳು.

ನಿರಂಜನ್ ಟಾರ್ಚು ಗೋಡೆಗೆ ಬಿಟ್ಟ. ಕಲ್ಲಿನ ಮೇಲೆ ಬಿಳಿ ಗೆರೆಗಳು, ಒಂದರ ಮೇಲೊಂದು. "ಇದು ನಲವತ್ತು ದಿನದ ನೀರಲ್ಲಮ್ಮ. ಮೂರು ವರ್ಷದ ಹಿಂದೆ ಮಾರಿಕಣಿವೆ ಡ್ಯಾಮು ಕೋಡಿ ಬಿತ್ತಲ್ಲ, ಆ ವರ್ಷದಿಂದ ಬರ್ತಾ ಐತೆ. ನಾನು ಈ ಮನೆಗೆ ಬಂದಿದ್ದೆ. ಎರಡು ವರ್ಷ ಆಯ್ತು. ಬಾಗಿಲಲ್ಲೇ ನೆನಪಾಯ್ತು, ಹೆಂಗ್ ಹೇಳ್ಬೇಕು ಗೊತ್ತಾಗ್ಲಿಲ್ಲ. ಯಜಮಾನ್ರೇ ಕರ್ಸಿದ್ರು. ಆಗ ಎರಡು ಎಂಬತ್ತು ಹೇಳಿದ್ದೆ."

ಮರುಳಸಿದ್ದಮ್ಮ ಗೆರೆಗಳ ಕಡೆ ಬಗ್ಗಿದಳು. "ಏನಂದ್ರು?"

"ನೋಡಾಣ ಅಂದ್ರು. ಅಷ್ಟು ದುಡ್ಡು ಇಲ್ಲಿಗೆ ಹಾಕಿದ್ರೆ ಅವಳ ಕೈಗೆ ಏನೂ ಉಳಿಯಲ್ಲ ಅಂದ್ರು. ಮನೇಲಿ ಗೊತ್ತಾಗ್ಬಾರ್ದು, ಅವಳಿಗೆ ಹಗೇವು ಅಂದ್ರೆ ತವರು ಇದ್ದಂಗೆ ಅಂತಾನೂ ಅಂದ್ರು."

"ಮತ್ತೆ ರಾಗಿ?"

"ನಾನು ಬಂದಾಗ ಒಂದು ಕಾಳೂ ಇರ್ಲಿಲ್ಲಮ್ಮ."

ಮೂರು ವರ್ಷ ಅವಳು ಆ ರಾಗಿಯ ಮುದ್ದೆ ಉಂಡಿದ್ದಳು. ಶಾಲೆಯಲ್ಲಿ ಜೊತೆಯ ಅಡುಗೆಯವರಿಗೆ, "ನಮ್ಮದು ಹಗೇವಿನ ರಾಗಿ, ಅಂಗಡಿದಲ್ಲ" ಎಂದು ಹೇಳಿಕೊಂಡಿದ್ದಳು.

ಮರುದಿನ ಯಾರ್ಡಿಗೆ ಹೋದಳು. ಅಲ್ಲಿ ಗೋಣಿಚೀಲ, ಹಗ್ಗದ ಅಂಗಡಿ ಇಟ್ಟ ಬೀರಪ್ಪ ಶಿವಕುಮಾರಪ್ಪನ ಹಳೇ ಜೊತೆಗಾರ. ಇಬ್ಬರೂ ಒಂದೇ ವರ್ಷ ಹಮಾಲಿಗೆ ಸೇರಿದವರು. ಗಂಡನಿಗೆ ಗುಟ್ಟು ಅಂತ ಇದ್ದರೆ ಅದು ಇವನ ಹತ್ತಿರವೇ ಇರಬೇಕು. ಅವಳನ್ನು ಕಂಡೊಡನೆ ಬೀರಪ್ಪ ಎದ್ದು ನಿಂತ.

"ಬಾರಕ್ಕ, ಕುಂತ್ಕ. ನಾನೇ ಬರಾಣ ಅಂತಿದ್ದೆ. ಕಾಲು ಬರ್ಲಿಲ್ಲ."

"ರಾಗಿ ಎಲ್ಲೈತೆ ಬೀರಪ್ಪ?"

ಅವನು ಅಟ್ಟದ ಕಡೆ ಕೈ ತೋರಿಸಿದ. "ಇನ್ನೂ ಆರು ಚೀಲ ಉಳಿದವೆ. ನೀರು ಕಂಡ ವಾರದಾಗೆ ಗಾಡಿಗೆ ಹೇರಿ ತಂದ. ಹದಿನೈದು ದಿನಕ್ಕೊಂದ್ ಸಲ ಬಂದು ಒಂದು ಪುಟ್ಟಿ ಒಯ್ತಿದ್ದ. 'ಲೇ, ನಮ್ ತವರಿನ ರಾಗಿ ಹಾಕೋ' ಅಂತ ನಗ್ತಿದ್ದ."

"ಮತ್ತೆ ಆ ನೀರು?"

ಬೀರಪ್ಪ ಚೀಲದ ದಾರ ಎಳೆಯುತ್ತ ಕೂತ. "ಬೈಯ್ಬ್ಯಾಡ ಅಕ್ಕ. ಹೊರ್ತಿದ್ದ."

"ಯಾರು?"

"ಇನ್ಯಾರು? ದಿನಾ ನಲವತ್ತು ಬಿಂದಿಗೆ. ಮಳೆಗಾಲದಾಗೆ ಅರವತ್ತು. ನೀನು ಅತ್ತ ಶಾಲೆಗೆ ಹೋದ್ರೆ ಇತ್ತ ಇವನು ಇಳೀತಿದ್ದ. ಹಿತ್ಲಾಗಿಂದ ಕಾಲುವೆಗೆ ಸುರೀತಿದ್ದ. ತಳದಾಗೆ ಅರ್ಧ ಮೊಳ ನೀರು ಉಳ್ಸಿದ್ರೆ ಸಾಕು, ಗೋಡೆ ಕೂರಲ್ಲ ಅಂತಿದ್ದ. ಭಾನುವಾರ ನೀನು ಮನೇಲಿರ್ತಿದ್ದೆ. ಅದಕ್ಕೆ ಸೋಮವಾರ ಎರಡರಷ್ಟು."

ಸೋಮವಾರ. ಅವಳಿಗೆ ಒದ್ದೆ ಪಂಚೆ ಕಣ್ಣಿಗೆ ಬಂತು. ದಸರಾ ರಜೆ ಬಂತೆಂದರೆ, "ಹೋಗು, ಪಲ್ಲವಿ ಮನೇಲಿ ಹದಿನೈದು ದಿನ ಇದ್ದು ಬಾ" ಎಂದು ಅವನೇ ಬಸ್ಸು ಹತ್ತಿಸುತ್ತಿದ್ದ. ಗಂಡನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂದು ಅವಳು ಅಕ್ಕಪಕ್ಕದವರ ಹತ್ತಿರ ಜಂಬ ಪಟ್ಟಿದ್ದಳು.

"ಮೋಟ್ರು ಇಟ್ಟಿದ್ರೆ ಏನಾಗ್ತಿತ್ತೋ!" ಅಂದಳು. ದನಿ ಕೂಗಾಗಿ ಬಂತು. ಅಂಗಡಿಯ ಗಿರಾಕಿ ತಿರುಗಿ ನೋಡಿದ.

"ನಾನೂ ಅಂದೆ. ಡಾಕ್ಟ್ರು ಏನಂದವ್ರೆ, ನೀನ್ ಏನ್ ಮಾಡ್ತಿದೀಯ ಲೇ, ಅಂದೆ. 'ಮೋಟ್ರು ಇಟ್ರೆ ವೈರು ಕಾಣ್ತೈತೆ, ಪೈಪು ಕಾಣ್ತೈತೆ, ಅವಳು ಕೇಳ್ತಾಳೆ. ಸಿಮೆಂಟ್ ಬ್ಯಾಡ ಅಂದೋಳು ಅವಳು, ಕೇಳಿದ್ರೆ ಸತ್ತೇ ಹೋಗ್ತಾಳೆ' ಅಂದ. ಬೀರದೇವ್ರ ಮೇಲೆ ನನ್ನ ಕೈಲಿ ಆಣೆ ಇಡ್ಸಿದ್ದ ಅಕ್ಕ."

ಅವಳು ರಾಗಿ ಮುಟ್ಟಲಿಲ್ಲ. ಬಸ್ಸಿಗೂ ಕಾಯಲಿಲ್ಲ. ನಡೆದು ಮನೆಗೆ ಬಂದಳು.

ಮಾರನೇ ಬೆಳಿಗ್ಗೆ ಶಾಲೆಗೆ ಹೋಗಲಿಲ್ಲ. ಸೀರೆ ಎತ್ತಿ ಕಟ್ಟಿ ಹಲಗೆ ತೆಗೆದು ಬಿಂದಿಗೆ ಹಿಡಿದು ಇಳಿದಳು. ಮುಳುಗಿಸಿ, ಸೊಂಟಕ್ಕಿಟ್ಟು, ಹತ್ತಿ, ಹಿತ್ತಲು ದಾಟಿ ಕಾಲುವೆಗೆ ಸುರಿದಳು. ಅವಳಿಗೆ ಹತ್ತಲು ಇದ್ದದ್ದು ಆರೇ ಮೆಟ್ಟಿಲು. ಐದನೇ ಬಿಂದಿಗೆಗೆ ಮಂಡಿ ನಡುಗಿತು. ಒಂಬತ್ತನೆಯದಕ್ಕೆ ಕಣ್ಣು ಕತ್ತಲೆ ಬಂತು. ಹನ್ನೊಂದನೆಯದು ಮೆಟ್ಟಿಲ ಮೇಲೆಯೇ ಜಾರಿ ಉರುಳಿತು. ಕೆಳಗೆ ನೋಡಿದಳು. ನೀರು ಒಂದು ಬೆರಳೂ ಇಳಿದಿರಲಿಲ್ಲ. ಅವನು ಹದಿನಾಲ್ಕು ಮೆಟ್ಟಿಲು ಹತ್ತುತ್ತಿದ್ದ. ಎದೆಯೊಳಗೆ ಕಬ್ಬಿಣ ಇಟ್ಟುಕೊಂಡು. ಮೂರು ವರ್ಷ.

ಪಲ್ಲವಿಗೆ ಫೋನು ಮಾಡಿ ಎಲ್ಲ ಹೇಳಿದಳು. ಸಿಮೆಂಟು ಬೇಡ ಅಂದವಳು ತಾನೇ ಎನ್ನುವುದನ್ನೂ ಬಿಡಲಿಲ್ಲ. ಆ ಕಡೆ ಮೂಗು ಎಳೆದುಕೊಂಡದ್ದು ಕೇಳಿಸಿತು.

"ದುಡ್ಡು ಹೋದ್ರೆ ಹೋಗ್ಲಿ ಅವ್ವ. ಅಪ್ಪ ಅಷ್ಟು ಕಷ್ಟಪಟ್ಟು ಉಳ್ಸಿದ್ದು. ಸರಿ ಮಾಡ್ಸಾಣ. ಅರ್ಧ ನಾನು ಹಾಕ್ತೀನಿ."

"ಬ್ಯಾಡ."

"ಯಾಕವ್ವ?"

"ಐದು ವರ್ಷ ಆದ್ಮೇಲೆ ಮತ್ತೆ ಬಂದ್ರೆ ಯಾರು ಹೊರ್ತಾರೆ? ನಾನು ಹೊತ್ತು ನೋಡಿದೀನಿ. ಮುಚ್ಚಿಸ್ತೀನಿ."

ಗುರುವಾರ ನಿರಂಜನ್ ಇಬ್ಬರು ಆಳುಗಳನ್ನೂ ದೊಡ್ಡ ಮೋಟರನ್ನೂ ತಂದ. ಜಲ್ಲಿ ಸುರಿಯುವ ಮೊದಲು ನೀರು ಖಾಲಿಯಾಗಬೇಕಿತ್ತು. ಹಿತ್ತಲಲ್ಲಿ ದಾರಿ ಸಾಲದು ಎಂದು ಪೈಪನ್ನು ಮುಂಬಾಗಿಲಿಂದ ಬೀದಿಗೆ ಎಳೆದರು. ಮೋಟರು ಗುಡುಗಿತು. ತೊಡೆಗಾತ್ರದ ಪೈಪಿನಿಂದ ನೀರು ಚಿಮ್ಮಿ ಬೀದಿ ತುಂಬ ಹರಿಯಿತು. ಒಂದು ಗಂಟೆ ಹರಿಯಿತು. ಮತ್ತೂ ಹರಿಯಿತು. ಹೆಂಗಸರು ಕೊಡ ಹಿಡಿದು ಓಡಿ ಬಂದರು. ಎದುರು ಮನೆಯ ಎತ್ತಪ್ಪ ಲುಂಗಿ ಎತ್ತಿಕೊಂಡು ನೀರು ದಾಟುತ್ತ ಬಂದ.

"ಏನಮ್ಮೋ, ಬೋರ್ ಹಾಕ್ಸಿದ್ಯಾ? ನಮಗೊಂದ್ ಮಾತು ಹೇಳ್ಬಾರ್ದಾ? ಇಷ್ಟು ನೀರು ಯಾರ್ ಮನೇಲೂ ಬಿದ್ದಿಲ್ಲ ಬಿಡು, ಪುಣ್ಯವಂತೆ!"

ಮರುಳಸಿದ್ದಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹರಿಯುವ ನೀರಿನಿಂದ ಕಣ್ಣು ಕೀಳಲಿಲ್ಲ.

"ಬೋರಲ್ಲಪ್ಪ. ಇದು ನಮ್ಮನೆಯೋರು ಹೊರ್ತಿದ್ದ ನೀರು."

ಎತ್ತಪ್ಪನಿಗೆ ತಿಳಿಯಲಿಲ್ಲ. ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಜಲ್ಲಿಯ ಟ್ರ್ಯಾಕ್ಟರು ಹಾರ್ನ್ ಹೊಡೆಯಿತು. ಅವಳು ಕೊಡ ಹಿಡಿದು ನಿಂತವರನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡಿಸಲು ಬೀದಿಗೆ ಇಳಿದಳು.