ಒಂದೇ ಬೆಲ್ಟಿನಲ್ಲಿ ಇಬ್ಬರು

ಕೊಟ್ಟೂರಿನ ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು. ಗಂಡನಿಗೆ ಸ್ಟೀರಿಂಗ್ ಮುಟ್ಟಿದರೆ ಅಂಗೈ ಬೆವರುತ್ತದೆ. ಹಾಗಾಗಿ ದಾರಿಯಲ್ಲಿ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನ್ನದೇ. ಆದರೆ ಹಿಂದಿನ ಸೀಟಿಗೂ ಬೆಲ್ಟು ಬೇಕು ಎಂಬುದು ಬಹಳ ದಿನ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಲ್ಲಿನ ಬೆಲ್ಟುಗಳು ಸೀಟಿನ ಸಂದಿಯಲ್ಲಿ ಶೇಂಗಾ ಸಿಪ್ಪೆಯ ಜೊತೆ ಹೂತುಹೋಗಿದ್ದವು.

ಶಾಲೆಯಲ್ಲಿ ಮಕ್ಕಳಿಗೆ ರಸ್ತೆ ಸುರಕ್ಷತೆಯ ಪಾಠ ಮಾಡುವವಳೂ ನಾನೇ. ಒಂದು ದಿನ ಪಾಠ ಮುಗಿಸಿ ಕಾರಿಗೆ ಬಂದು ನೋಡಿದರೆ, ಐದು ವರ್ಷದ ನನ್ನ ಮಗಳು ಮುಂದಿನ ಎರಡು ಸೀಟುಗಳ ನಡುವೆ ನಿಂತುಕೊಂಡೇ ಸವಾರಿಗೆ ಸಿದ್ಧಳಾಗಿದ್ದಳು. ನನಗೇ ನಾಚಿಕೆಯಾಯಿತು. ಆ ಭಾನುವಾರ ಬೆಲ್ಟುಗಳನ್ನು ಸಂದಿಯಿಂದ ಎಳೆದು ಹೊರತೆಗೆದು, ಇನ್ನು ಮೇಲೆ ಹಿಂದೆ ಕೂತವರೂ ಹಾಕಲೇಬೇಕೆಂದು ಅಪ್ಪಣೆ ಹೊರಡಿಸಿದೆ.

ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. "ಕಟ್ಟಿ ಹಾಕಾಕ ಕೂಸು ಆಕಳ ಕರ ಏನವಾ? ನನ್ನ ತೊಡಿ ಐತಿ," ಎಂದರು.

"ತೊಡಿ ನಡಿಯಂಗಿಲ್ರಿ ಅತ್ತಿ, ಬೆಲ್ಟ್ ಬೇಕು," ಎಂದೆ.

ಅವರು ಮದುವೆಯಾದ ಹೊಸತರಲ್ಲಿ ಕುರಿಗಳ ಹಿಂದೆ ಊರೂರು ನಡೆದವರು. ದಾರಿಯಲ್ಲಿ ಕುರಿ ಈದರೆ, ಮರಿಯನ್ನು ಕಂಬಳಿಯೊಳಗೆ ಹೊಟ್ಟೆಗೆ ಅವಚಿ, ಮೇಲೆ ಬಟ್ಟೆ ಬಿಗಿದುಕೊಂಡು, ಕೈಯಲ್ಲಿ ಕೋಲು ಹಿಡಿದು ಸಂಜೆಯವರೆಗೆ ನಡೆಯುತ್ತಿದ್ದರಂತೆ. ಒಂದು ಮರಿಯೂ ಜಾರಿ ಬಿದ್ದಿದ್ದಿಲ್ಲ ಎನ್ನುವುದು ಅವರ ಹೆಮ್ಮೆ.

ಮುಂದಿನ ವಾರ ಕಾನಹೊಸಹಳ್ಳಿಯ ನಾದಿನಿಯ ಮನೆಗೆ ಹೊರಟೆವು. ಗಂಡ ಊರಲ್ಲಿರಲಿಲ್ಲ, ನಾವು ಮೂವರೇ. ಅತ್ತೆ ಹಿಂದೆ ಕೂತು, ಮೊಮ್ಮಗಳನ್ನು ತೊಡೆಗೆ ಏರಿಸಿಕೊಂಡು, ಒಂದೇ ಬೆಲ್ಟನ್ನು ಇಬ್ಬರ ಮೇಲೂ ಎಳೆದು ಸಿಕ್ಕಿಸಿದರು. "ನೋಡು, ಮರಿ ಕಟ್ಟಿದಂಗ ಕಟ್ಟೀನಿ. ಈಗ ಸಮಾಧಾನ ಆತಿಲ್ಲ?"

ಕನ್ನಡಿಯಲ್ಲಿ ನೋಡಿದೆ. ಒಂದರ ಮೇಲೊಂದು ಎರಡು ನಗುಮುಖ. "ಈಗ ಶಾಣೇರಾದ್ರಿ ನೋಡ್ರಿ," ಎಂದು ಹೊಗಳಿದೆ. ಆ ಮಾತು ನೆನಪಾದರೆ ಇಂದಿಗೂ ನನ್ನ ಮೇಲೇ ನನಗೆ ಕೆಟ್ಟ ಸಿಟ್ಟು ಬರುತ್ತದೆ.

ಕೂಡ್ಲಿಗಿ ಇನ್ನೇನು ಸ್ವಲ್ಪ ದೂರವಿದ್ದಾಗ, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್ ಒಂದು ಹೊಲದ ದಾರಿಯಿಂದ ಸೀದಾ ರಸ್ತೆಗೆ ಬಂತು. ಬ್ರೇಕ್ ಒತ್ತಿದೆ. ಕಾರು ಟ್ರ್ಯಾಕ್ಟರಿಗೆ ಮಾರು ದೂರದಲ್ಲಿ ನಿಂತಿತು. ನನ್ನ ಬೆಲ್ಟು ನನ್ನನ್ನು ಹಿಡಿದುಕೊಂಡಿತು. ಹಿಂದಿನಿಂದ ಅಳುವೂ ಬರಲಿಲ್ಲ. ತಿರುಗಿದರೆ, ಅತ್ತೆಯ ಇಡೀ ಮೈ ಮಗುವಿನ ಮೇಲೆ ಬಿದ್ದಿತ್ತು. ಮುಂದೆ ಬೆಲ್ಟು, ಹಿಂದೆ ಅಜ್ಜಿ, ನಡುವೆ ಬಾಯಿ ತೆರೆದುಕೊಂಡು ಉಸಿರು ಸಿಗದ ನನ್ನ ಮಗಳು. ಬೆಲ್ಟು ಬಿಚ್ಚಿದ ಮೇಲೆ ಅತ್ತಳು. ಮಗುವಿನ ಅಳು ಕೇಳಿ ಅಷ್ಟು ಸಂತೋಷ ಪಟ್ಟದ್ದು ಅವಳು ಹುಟ್ಟಿದ ದಿನ ಬಿಟ್ಟರೆ ಅಂದೇ.

ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸಂಜೆವರೆಗೂ ಇರಿಸಿಕೊಂಡು, ಒಳಗೆ ಏನೂ ಆಗಿಲ್ಲ ಎಂದರು. ಹೊಟ್ಟೆಗೆ ಅಡ್ಡವಾಗಿ ಕೆಂಪು ಬರೆ ಎದ್ದಿತ್ತು. "ಒಂದು ಬೆಲ್ಟಿಗೆ ಒಬ್ರೇ ರಿ. ಬ್ರೇಕ್ ಹಾಕಿದಾಗ ದೊಡ್ಡೋರ ಭಾರ ಎಲ್ಲಾ ಮಗುವಿನ ಮ್ಯಾಲೆ ಬೀಳ್ತೈತಿ," ಎಂದು ನನಗೆ ಹೇಳಿದರು. ಗೋಡೆಗೆ ಒರಗಿ ನಿಂತಿದ್ದ ಅತ್ತೆ ಕೇಳಿಸಿಕೊಂಡರು.

ಕಾಲ್ನಡಿಗೆಯೇ ಬೇರೆ, ಓಡುವ ಗಾಡಿಯೇ ಬೇರೆ, ತಪ್ಪು ನಿಮ್ಮದಲ್ಲ, ಹೊಗಳಿದ ನನ್ನದು ಎಂದು ಅತ್ತೆಗೆ ಎಷ್ಟು ಸಲ ಹೇಳಿದೆನೋ. ನನಗೂ ಗೊತ್ತಿರಲಿಲ್ಲ ಎನ್ನುವುದು ನಿಜ, ಆದರೆ ಪಾಠ ಮಾಡುವವಳಿಗೆ ಗೊತ್ತಿರಬೇಕಿತ್ತು. ಆದರೂ ಅತ್ತೆ ಅಂದಿನಿಂದ ಮನೆಯಲ್ಲೂ ಮೊಮ್ಮಗಳನ್ನು ತೊಡೆಗೆ ಕರೆಯುವುದು ಬಿಟ್ಟರು. ಅವಳೇ ಏರಲು ಬಂದರೆ, "ಅಕ್ಕಿ ಆರಿಸೋದು ಐತಿ," ಎಂದು ಎದ್ದುಬಿಡುತ್ತಿದ್ದರು. ಬರೆ ನಾಲ್ಕು ದಿನಕ್ಕೆ ಮಾಯವಾಯಿತು. ಅತ್ತೆಯ ಈ ಹಿಂಜರಿಕೆ ಮಾತ್ರ ಮಾಯವಾಗಲಿಲ್ಲ.

ದಾವಣಗೆರೆಯಿಂದ ಮಕ್ಕಳನ್ನು ಎತ್ತರಕ್ಕೆ ಕೂರಿಸುವ ಸೀಟು ತಂದೆವು. ಅದರ ಮೇಲೆ ಕೂರಿಸಿದರೆ ಬೆಲ್ಟಿನ ಕೆಳಗಿನ ಪಟ್ಟಿ ಹೊಟ್ಟೆಗೆ ಬಾರದೆ ತೊಡೆಯ ಬುಡಕ್ಕೆ ಕೂರುತ್ತದೆ, ಮೇಲಿನದು ಕುತ್ತಿಗೆಗೆ ತಾಗದೆ ಹೆಗಲಿಗೆ. ತಿಂಗಳ ಮೇಲೆ ಮತ್ತೆ ನಾದಿನಿಯ ಮನೆಗೆ ಹೊರಟಾಗ, ಮಗಳು ತನ್ನ ಸೀಟಿನಲ್ಲಿ, ತನ್ನ ಬೆಲ್ಟಿನಲ್ಲಿ. ಪಕ್ಕದಲ್ಲಿ ಅತ್ತೆ, ನಾನು ಹೇಳುವ ಮೊದಲೇ ತಮ್ಮದನ್ನು ಸಿಕ್ಕಿಸಿಕೊಂಡು ಕೂತಿದ್ದರು. ಅವರ ಎರಡೂ ಕೈಗಳು ಖಾಲಿ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಕೂಡ್ಲಿಗಿ ದಾಟಿದ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು.

"ಕೂಸಿನ ಕೈ ಹಿಡ್ಕೋಬಹುದೇನವಾ?"

ಮೂರು ಮಕ್ಕಳನ್ನು ಹೆತ್ತು ಬೆಳೆಸಿದವರು ನನ್ನನ್ನು ಕೇಳುತ್ತಿದ್ದರು. ನಾನು ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿ, ಹಿಂದಕ್ಕೆ ತಿರುಗಿದೆ.

"ಹಿಡ್ಕೋರಿ ಅತ್ತಿ," ಎಂದೆ. "ನನ್ನ ಕೇಳಬ್ಯಾಡ್ರಿ."