ಬೇಡಲು ಒಪ್ಪದ ಪೂಜಾರಿ

ಮೊನ್ನೆ ಹೆಬ್ಬಾಳದಲ್ಲಿ ಹತ್ತಿದ ಬಸ್ಸು ಗೊರಗುಂಟೆಪಾಳ್ಯದ ಹತ್ತಿರ ಎಂದಿನಂತೆ ನಿಂತುಬಿಟ್ಟಿತು. ಮುಂದಿನ ಸೀಟಿನಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಒಂದೇ ಫೋನಿಗೆ ತಲೆ ತಾಗಿಸಿ ಏನೋ ಆಡುತ್ತಿದ್ದರು. "ನಿನ್ ಪ್ರೀಸ್ಟ್ ಪವರ್ ಎಲ್ಲಾ ಖಾಲಿ ಕಣೇ," ಅಂದಳು ಒಬ್ಬಳು. ತಲೆ ನರೆತ ನಾನು ಕಿಟಕಿಯಾಚೆ ನೋಡುವಂತೆ ನಟಿಸುತ್ತ ಕತ್ತು ಮುಂದೆ ಚಾಚಿದೆ.

ಪ್ರೀಸ್ಟ್ ಅಂದರೆ ಪೂಜಾರಿ, ಇಂಥ ಆಟಗಳಲ್ಲೊಂದು ಪಾತ್ರ. ವರ್ಷಗಳ ಹಿಂದೆ ನಾವು ಆಡುತ್ತಿದ್ದಾಗ ಫೋನು ಬೇಕಿರಲಿಲ್ಲ. ಒಂದು ಮೇಜು, ಪೆನ್ಸಿಲ್ಲು, ಹಲವು ಮುಖದ ದಾಳ ಸಾಕಿತ್ತು. ಒಬ್ಬರು ಕತೆ ಹೇಳುವುದು, ಉಳಿದವರು ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳುವುದು. ಕತೆ ಹೇಳುತ್ತಿದ್ದವರು ವಸಂತಕ್ಕ. ಧಾರವಾಡದಿಂದ ಬಂದು ಇಲ್ಲಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವರು. ಶೆಟ್ಟಿಹಳ್ಳಿಯ ಅವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ಆಟದಲ್ಲಿ ನಾನು ಮಾಂತ್ರಿಕ. ಬಲ್ಲದ್ದು ಬೆಂಕಿಯ ಮಂತ್ರವೊಂದೇ. ಅದರಲ್ಲಿ ಶತ್ರುಗಳಿಗಿಂತ ನಮ್ಮ ಡೇರೆಗಳೇ ಹೆಚ್ಚು ಸುಟ್ಟವು. ನನ್ನ ಗೆಳೆಯ ಗಿರೀಶನದು ಪೂಜಾರಿಯ ಪಾತ್ರ. ಜಾಲಹಳ್ಳಿಯ ಹಳೇ ಊರಿನವನು, ಲಿಫ್ಟ್ ರಿಪೇರಿ ಅವನ ಕೆಲಸ.

ಮೊದಲ ದಿನವೇ ಅವನು ನಮ್ಮಿಬ್ಬರ ಶಕ್ತಿಗೆ ಏನು ವ್ಯತ್ಯಾಸ ಎಂದು ಕೇಳಿದ್ದ.

"ಮಾಂತ್ರಿಕ ತಾನು ಕಲ್ತದ್ದನ್ನ ಖರ್ಚು ಮಾಡ್ತಾನ," ಅಂದರು ವಸಂತಕ್ಕ. "ಪೂಜಾರಿದು ಹಂಗಲ್ಲ. ಅವಂದು ಅಂತ ಏನೂ ಇಲ್ಲ. ಬೇಡಬೇಕು. ಕೊಡೋದು ಬಿಡೋದು ದೇವರಿಗೆ ಬಿಟ್ಟದ್ದು."

ಈ ಮೇಜಿನ ಮೇಲೆ ದೇವರೂ ತಾನೇ ಎಂದು ಅವರು ಸೇರಿಸಿದಾಗ, ಹಾಗಾದರೆ ಬರುವಾಗ ಬಾಳೆಹಣ್ಣು ತರುತ್ತೇನೆ ಎಂದು ಗಿರೀಶ ನಕ್ಕ. ಮುಂದಿನ ವಾರ ನಿಜವಾಗಿಯೂ ತಂದ. ನಮ್ಮ ಗಾಯಗಳನ್ನೆಲ್ಲ ಅವನ ಪೂಜಾರಿ ಮುಟ್ಟಿ ವಾಸಿ ಮಾಡುತ್ತಿದ್ದ. ವಸಂತಕ್ಕನ ದೇವರು ಇಲ್ಲ ಅಂದದ್ದು ಕಡಿಮೆ.

ಆಮೇಲೆ ಅವನ ಮಗಳು ಚಿನ್ಮಯಿಗೆ ಜ್ವರ ಬಂತು. ಒಂದನೇ ಕ್ಲಾಸಿನ ಮಗು. ಜ್ವರ ಮೆದುಳಿಗೇರಿತು ಅಂದರು. ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಐಸಿಯು ಬಾಗಿಲ ಹೊರಗೆ ಅವನ ಪಕ್ಕ ಕೂತಿರುತ್ತಿದ್ದೆ. ಅವನು ಊರ ಅಮ್ಮನಿಗೆ ಹರಕೆ ಹೊತ್ತ, ತಲೆ ಬೋಳಿಸಿಕೊಂಡ, ಕಂಡವರು ಹೇಳಿದ ದೇವರಿಗೆಲ್ಲ ಕೈಮುಗಿದ. ಮಗು ಉಳಿಯಲಿಲ್ಲ.

ಬಹಳ ತಿಂಗಳು ಆಟ ನಿಂತಿತ್ತು. ಮತ್ತೆ ಶುರು ಮಾಡೋಣ ಅಂದವನು ಗಿರೀಶನೇ. ಮನೆಯ ಮೌನ ತಡೆಯಲಾಗುತ್ತಿಲ್ಲ ಅಂದ. ಆ ಭಾನುವಾರ ಮಾಮೂಲಿನಂತೆ ನಾನು ಅವಸರಪಟ್ಟೆ, ದಾಳ ಕೈಕೊಟ್ಟಿತು, ನನ್ನ ಮಾಂತ್ರಿಕ ಸತ್ತ. ಅಷ್ಟು ಹೊತ್ತಿಗೆ ಗಿರೀಶನ ಪೂಜಾರಿಗೆ ಸತ್ತವರನ್ನು ಎಬ್ಬಿಸುವ ವರ ಬಂದಿತ್ತು. ಯಾರಾದರೂ ಸತ್ತರೆ ಅವನೇ ಬೇಡಬೇಕಾಗುತ್ತದೆಂದು ನಮಗ್ಯಾರಿಗೂ ಮೊದಲೇ ಹೊಳೆಯಲಿಲ್ಲ.

ಅವನು ದಾಳ ಮುಟ್ಟಲಿಲ್ಲ. ವಸಂತಕ್ಕ ತಗ್ಗಿದ ದನಿಯಲ್ಲಿ, "ದೇವರನ್ನ ಕೇಳಪಾ ಗಿರೀಶ. ಹೂಂ ಅಂತಾನ," ಅಂದರು.

"ಗೊತ್ತಕ್ಕ," ಅಂದ ಅವನು. "ಕೇಳಲ್ಲ."

ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ವಸಂತಕ್ಕ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕೂತೇ ಇದ್ದರು. ಮತ್ತೆ ನಾವು ಆಡಲಿಲ್ಲ. ಗಿರೀಶ ಮಾಕಳಿಯ ಕಡೆ ಮನೆ ಮಾಡಿದ. ಎಲ್ಲಾದರೂ ಸಿಕ್ಕರೆ ಲಿಫ್ಟುಗಳ ವಿಷಯ ಮಾತಾಡುತ್ತಾನೆ, ಅಷ್ಟೆ.

ಬಸ್ಸಿನಲ್ಲಿ ಮುಂದೆ ಚಾಚಿದ್ದ ನನ್ನ ಕತ್ತು ಕೊನೆಗೂ ಹುಡುಗಿಯರ ಕಣ್ಣಿಗೆ ಬಿತ್ತು. ಒಬ್ಬಳು ತಿರುಗಿ, "ಅಂಕಲ್, ನೀವೂ ಆಡ್ತೀರಾ?" ಅಂದಳು. ಆಡುತ್ತಿದ್ದೆ, ಮಾಂತ್ರಿಕನಾಗಿದ್ದೆ, ಸತ್ತುಹೋದೆ ಅಂದೆ. ಅವಳು ನಕ್ಕು, ಎಬ್ಬಿಸೋಕೆ ಪ್ರೀಸ್ಟ್ ಇರಲಿಲ್ವಾ ಎಂದು ಕೇಳಿದಳು. ಇದ್ದ, ಬೇಡಲಿಲ್ಲ ಅಂದೆ.

"ಯಾಕೆ?"

ಅವನಿಗೆ ದೇವರ ಮೇಲಿನ ನಂಬಿಕೆ ಹೋಗಿತ್ತು ಎಂದೇ ಇಷ್ಟು ವರ್ಷ ನಂಬಿದ್ದೆ. ಆ ಹುಡುಗಿಯ ಮುಖ ನೋಡುತ್ತ, ಅದು ಸರಿಯಲ್ಲ ಅನ್ನಿಸಿತು. ಬೇಡಿದ್ದರೆ ವಸಂತಕ್ಕ ಆ ಕ್ಷಣವೇ ಹೂಂ ಅನ್ನುತ್ತಿದ್ದರು. ಕಾಗದದ ಮೇಲಿನ ನನ್ನಂಥ ದಡ್ಡ ಎದ್ದು ಕೂರುತ್ತಿದ್ದ. ಅಷ್ಟು ಸುಲಭವಾಗಿ ಸಿಗುವ ಆ ಹೂಂ ಕೇಳಿಸಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಬಸ್ಸು ಕದಲಿತು. ಹುಡುಗಿ ಇನ್ನೂ ಕಾಯುತ್ತಿದ್ದಳು.

"ಅವನಿಗೊಬ್ಬಳು ಮಗಳಿದ್ದಳಮ್ಮ," ಅಂದೆ.