ತೂತಿಲ್ಲದ ನರಿ ಚರ್ಮ

ಐವತ್ತರ ದಶಕದ ಕೊನೆಯಲ್ಲಿ ನಾನು ಅರಕಲಗೂಡಿನ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಆ ಚಳಿಗಾಲ ಕಬ್ಬಿನ ಗದ್ದೆಗೆ ನರಿಗಳ ಕಾಟ. ಮಾವನವರಿಗೆ ಮಾತ್ರ ಕಬ್ಬಿಗಿಂತ ನರಿಯ ಚರ್ಮದ ಚಿಂತೆ ಹೆಚ್ಚು. ಅದನ್ನು ತಮ್ಮ ಒರಗು ಕುರ್ಚಿಗೆ ಹಾಸಬೇಕೆಂದು ಬಹುದಿನದ ಆಸೆ.

“ದಪ್ಪ ಚರೆ ಆಕುದ್ರೆ ಚರ್ಮ ಜರಡಿ ಆಗ್ಬುಡ್ತದೆ ಕಣವ್ವ,” ಎಂದು ನನಗೆ ವಿವರಿಸಿ, ಹಕ್ಕಿ ಹೊಡೆಯುವ ಸಣ್ಣ ಚರೆಯನ್ನೇ ಕೋವಿಗೆ ತುಂಬಿದರು. ಮದ್ದನ್ನೂ ಕಡಿಮೆ ಹಾಕಿಕೊಂಡು ಗದ್ದೆಗೆ ಹೋದರು.

ಬೆಳಿಗ್ಗೆ ನರಿಯನ್ನು ಹೆಗಲ ಮೇಲೆ ಹೊತ್ತು ತಂದು ಜಗುಲಿಯಲ್ಲಿ ಮಲಗಿಸಿದರು. ಅತ್ತೆ ಬಗ್ಗಿ, ಅದರ ಕೂದಲು ಸರಿಸಿ ನೋಡಿದರು.

“ಅಲ್ಲಾ, ಒಂದು ತೂತೂ ಕಾಣಾಕಿಲ್ವಲ್ಲ!”

“ಚರೆ ಆರ್ಸೋದ್ರಲ್ಲೇ ಇರೋದು ಕಣೆ ಎಲ್ಲಾ,” ಎಂದು ಮಾವ ಮೀಸೆ ತಿರುವಿ, ಕತ್ತಿ ಮಸೆಯಲು ಕೂತರು.

ಆ ಸದ್ದಿಗೆ ನರಿ ಒಂದು ಕಣ್ಣು ತೆರೆಯಿತು. “ಮಾವಾ, ನರಿ ನೋಡ್ತಾ ಅದೆ,” ಎಂದೆ.

“ಸತ್ತ್ ಮ್ಯಾಕೂ ಕಣ್ ಬುಡ್ತವೆ, ಎದರ್ಕಾಬ್ಯಾಡ,” ಎಂದರು, ತಲೆಯೆತ್ತದೆ.

ನರಿ ಎದ್ದು ಮೈ ಕೊಡವಿ, ಅವರ ತೊಡೆ ದಾಟಿ ಬೀದಿಗೆ ಹಾರಿತು. ಮಾವ ಕತ್ತಿ ಹಿಡಿದೇ ಹಿಂದೆ ಓಡಿದರು. ಬೀದಿಯ ನಾಯಿಗಳು ನರಿಯನ್ನು ಬಿಟ್ಟು, ಮೈಯೆಲ್ಲ ನರಿಯ ವಾಸನೆಯಾಗಿದ್ದ ಮಾವನವರನ್ನೇ ಅಟ್ಟಿಸಿಕೊಂಡು ಹೋದವು.

ಹೊಸ ಸೊಸೆ ನಗುವಂತಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದೆ. ಅಲ್ಲಿ ಅತ್ತೆ ಆಗಲೇ ಒಲೆಯ ಮುಂದೆ ಕೂತು, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

“ನಗವ್ವ,” ಎಂದರು ನನ್ನನ್ನು ಕಂಡು. “ಅವರು ಬರಾಕೆ ಇನ್ನೂ ಒತ್ತಾಯ್ತದೆ.”